ಲೈಟ್ ಬಿಲ್ ನೋಡಿ, ಆಮೇಲೆ ಗಚ್ಚಿ ನೋಡಿ

ನಿಮ್ಮ ಮನೆಗೆ ಗೃಹಜ್ಯೋತಿಯ ಸೊನ್ನೆ ಬಿಲ್ ಬರುತ್ತಿದ್ದರೆ, ಸೋಲಾರ್ ಪ್ಲೇಟ್ ಮಾರಲು ಬಂದವರಿಗೆ ಒಂದು ಕಪ್ ಚಹಾ ಕೊಟ್ಟು ಕಳಿಸಿಬಿಡಿ. ಈಗ ನಿಮಗೆ ಅದರಿಂದ ಉಳಿತಾಯವಿಲ್ಲ. ಬರದ ಬಿಲ್ಲನ್ನು ಇನ್ನಷ್ಟು ಇಳಿಸಲು ಯಾವ ಸೂರ್ಯನಿಗೂ ಆಗದು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಈಚೆಗೆ 'ಉಚಿತ ಕರೆಂಟ್, 78 ಸಾವಿರ ಸಬ್ಸಿಡಿ' ಎಂಬ ಮಾತು ಸಂತೆಯಲ್ಲೂ ಕಿವಿಗೆ ಬೀಳುತ್ತದೆ. ಮಾತು ಸುಳ್ಳಲ್ಲ. ಆದರೆ ಅದು ಎಲ್ಲರ ಮನೆಗೂ ಒಪ್ಪುವ ಮಾತಲ್ಲ. ಯಾರಿಗೆ ಒಪ್ಪುತ್ತದೆ ಎಂಬುದು ಮನೆಯ ಗಚ್ಚಿಯ ಅಳತೆಗಿಂತ ಮೊದಲು ಲೈಟ್ ಬಿಲ್ಲಿನಲ್ಲಿ ಕಾಣುತ್ತದೆ.

ಹಾಗಾಗಿ ಮೊದಲ ಕೆಲಸ, ಕಳೆದ ಹನ್ನೆರಡು ತಿಂಗಳ ಬಿಲ್ ಹುಡುಕಿ ತೆಗೆಯುವುದು. ಒಂದೇ ತಿಂಗಳ ಬಿಲ್ ನೋಡಿ ತೀರ್ಮಾನಿಸಬೇಡಿ. ನಮ್ಮ ಭಾಗದಲ್ಲಿ ಏಪ್ರಿಲ್‌ನ ಬಿಲ್ಲಿಗೂ ಡಿಸೆಂಬರ್‌ನ ಬಿಲ್ಲಿಗೂ ಅಜಗಜಾಂತರ.

2023ರ ಜುಲೈನಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಲೆಕ್ಕ ಹೀಗಿದೆ. 2022–23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಸುಟ್ಟಿತೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿ ಒಂದು ಮಿತಿ ಹಾಕಿದರು. ತೀರಾ ಕಡಿಮೆ ಬಳಸುತ್ತಿದ್ದವರಿಗೆ ಆಮೇಲೆ ಹತ್ತು ಯೂನಿಟ್ ಸೇರಿಸಿಕೊಟ್ಟರು. ಆ ಮಿತಿಯೊಳಗಿದ್ದರೆ ಸೊನ್ನೆ ಬಿಲ್. ಮಿತಿ ದಾಟಿ 200ರೊಳಗೆ ನಿಂತರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಅಂದರೆ 199 ಯೂನಿಟ್‌ಗೂ 205 ಯೂನಿಟ್‌ಗೂ ನಡುವೆ ಇರುವುದು ಆರು ಯೂನಿಟ್ಟಿನ ಅಂತರವಲ್ಲ, ಸಾವಿರ ರೂಪಾಯಿ ಮೀರಬಹುದಾದ ಅಂತರ. ವರ್ಷದಲ್ಲಿ ಎರಡೇ ತಿಂಗಳು ಹೀಗೆ ಅಂಚು ದಾಟುವ ಮನೆಯಾದರೆ ಸೋಲಾರ್‌ಗಿಂತ ಅಗ್ಗದ ಮದ್ದುಗಳಿವೆ: ಹಳೆಯ ಫ್ಯಾನ್ ತೆಗೆದು ಕಡಿಮೆ ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕುವುದು, ಬಚ್ಚಲಿನ ಗೀಸರ್ ಬಿಟ್ಟು ಸೋಲಾರ್ ವಾಟರ್ ಹೀಟರ್ ಕೂಡಿಸುವುದು. ಸೌದೆಯ ಹಂಡೆ ಇನ್ನೂ ಇದ್ದರೆ ಆ ಪ್ರಶ್ನೆಯೇ ಇಲ್ಲ.

ಚಾವಣಿ ಸೋಲಾರ್ ನಿಜವಾಗಿ ಬೇಕಾಗಿರುವುದು ವರ್ಷದ ಬಹುಪಾಲು ತಿಂಗಳು 200 ದಾಟುವ ಮನೆಗಳಿಗೆ. ಇವು ಶ್ರೀಮಂತರ ಮನೆಗಳೇ ಆಗಿರಬೇಕಿಲ್ಲ. ಒಂದೇ ಮೀಟರಿನಡಿ ಮೂವರು ಅಣ್ಣತಮ್ಮಂದಿರ ಸಂಸಾರ, ಎರಡು ಫ್ರಿಜ್, ದಿನಕ್ಕೆರಡು ಸಲ ಟ್ಯಾಂಕಿಗೆ ನೀರು ಏರಿಸುವ ಮೋಟಾರ್ ಇದ್ದರೆ ಸಾಕು, 250 ಯೂನಿಟ್ ಸಲೀಸು.

ಅಂಥ ಒಂದು ಮನೆಯ ಲೆಕ್ಕ ನೋಡೋಣ. 2025ರ ಏಪ್ರಿಲ್‌ನಿಂದ ಜಾರಿಯಾದ ದರದಲ್ಲಿ ಗೃಹಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿ ಹೆಸರಿನ 36 ಪೈಸೆ. 250 ಯೂನಿಟ್‌ಗೆ 1,540 ರೂಪಾಯಿ. ಶೇ 9ರ ವಿದ್ಯುತ್ ತೆರಿಗೆ ಸುಮಾರು 130. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ಕಿಲೋವ್ಯಾಟ್‌ಗೆ 145ರಂತೆ ನಿಗದಿತ ಶುಲ್ಕ 435. ಒಟ್ಟು 2,100ರ ಹತ್ತಿರ. ಇಲ್ಲಿ ಸೋಲಾರ್ ಮುಟ್ಟುವುದು ಮೊದಲಿನ ಎರಡು ಬಾಬತ್ತನ್ನು ಮಾತ್ರ. ನಿಗದಿತ ಶುಲ್ಕ ಹಾಗೇ ಉಳಿಯುತ್ತದೆ. ಮಾರುವವರ ಚೀಟಿಯಲ್ಲಿ 'ಬಿಲ್ ಸೊನ್ನೆ' ಎಂದು ಬರೆದಿದ್ದರೆ ಆ 435 ಎಲ್ಲಿ ಹೋಯಿತು ಎಂದು ಕೇಳಿ.

ಒಂದು ಕಿಲೋವ್ಯಾಟ್ ಪ್ಲೇಟು ನಮ್ಮ ಬಿಸಿಲಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಎರಡು ಕಿಲೋವ್ಯಾಟ್ ಹಾಕಿದರೆ ತಿಂಗಳಿಗೆ 240 ಯೂನಿಟ್, ಅಂದರೆ ಈ ಮನೆಗೆ ಅಷ್ಟೇ ಸಾಕು. ಇದಕ್ಕೆ ಒಂದು ಲಕ್ಷ ನಲವತ್ತು ಸಾವಿರ ಖರ್ಚು ಎಂದಿಟ್ಟುಕೊಳ್ಳಿ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಿಂದ 60,000 ವಾಪಸ್ ಬಂದರೆ ಕೈಯಿಂದ ಹೋದದ್ದು 80,000. ತಿಂಗಳಿಗೆ 1,600ರಷ್ಟು ಉಳಿದರೆ ನಾಲ್ಕು ವರ್ಷ ಚಿಲ್ಲರೆಯಲ್ಲಿ ಅಸಲು ತಿರುಗುತ್ತದೆ. ಪ್ಲೇಟುಗಳಿಗೆ ತಯಾರಕರು ಸಾಮಾನ್ಯವಾಗಿ 25 ವರ್ಷದ ಉತ್ಪಾದನಾ ವಾರಂಟಿ ಕೊಡುತ್ತಾರೆ. ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆ ಬದಲಿಸಬೇಕಾದೀತು ಎಂದು ಆ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಬ್ಸಿಡಿಯ ಪ್ರಮಾಣ ಹೀಗೆ: ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಅಲ್ಲಿಗೆ 78,000. ನೀವು ಐದು ಹಾಕಿ, ಹತ್ತು ಹಾಕಿ, ಅದರ ಮೇಲೆ ಒಂದು ರೂಪಾಯಿ ಇಲ್ಲ. 'ದೊಡ್ಡದೇ ಹಾಕಿರಿ ಸಾಹುಕಾರ್ರ, ಹೆಚ್ಚಾದ ಕರೆಂಟ್ ಸರ್ಕಾರಕ್ಕೆ ಮಾರಬಹುದು' ಎನ್ನುವವರ ಮಾತಿಗೆ ಇಲ್ಲೇ ತಡೆ ಹಾಕಬೇಕು. ಮಾರಬಹುದು ನಿಜ. ಆದರೆ ಸಬ್ಸಿಡಿ ಪಡೆದ ಮನೆಗೆ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನೀವು ಕೊಳ್ಳುವ ದರದ ಅರ್ಧಕ್ಕೂ ಕಡಿಮೆ. ನೀವು ಬಳಸುವ ಯೂನಿಟ್ ನಿಮಗೆ ಆರು ರೂಪಾಯಿ ಉಳಿಸುತ್ತದೆ, ಮಾರುವ ಯೂನಿಟ್ ಅದರ ಅರ್ಧವನ್ನೂ ಗಳಿಸುವುದಿಲ್ಲ. ಗಚ್ಚಿ ದೊಡ್ಡದಿದೆ ಎಂದು ಪ್ಲೇಟ್ ತುಂಬುವುದು ದಡ್ಡತನ.

ಗೃಹಜ್ಯೋತಿ ಪಡೆಯುತ್ತಿರುವ ಮನೆ ಸೋಲಾರ್ ಹಾಕಿಸುವುದಾದರೆ, ಬರುವ ಹೋಗುವ ಕರೆಂಟ್ ಎರಡನ್ನೂ ಅಳೆಯುವ ನೆಟ್ ಮೀಟರ್ ಕೂತ ಮೇಲೆ ಆ ಸೌಲಭ್ಯದ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಲಿಖಿತ ಉತ್ತರ ಪಡೆಯಿರಿ. ಬಾಯಿಮಾತು ಬೇಡ.

ಯಾರ ತಂತಿ, ಯಾರ ಬಿಲ್

ಗೋಕಾಕ ಮತ್ತು ಮೂಡಲಗಿಯವರಿಗೆ ಕರೆಂಟ್ ಕೊಡುವುದು ಹೆಸ್ಕಾಂ. ಬೆಳಗಾವಿ ಸೇರಿ ಏಳು ಜಿಲ್ಲೆಗಳ ಈ ಕಂಪನಿ ಹುಬ್ಬಳ್ಳಿಯಲ್ಲಿ ಕೂತಿದೆ. ಹಿರಿಯರ ಬಾಯಲ್ಲಿ ಅದು ಇವತ್ತಿಗೂ ಕೆಇಬಿಯೇ. ಹುಕ್ಕೇರಿಯ ಕಥೆ ಬೇರೆ. ಅಲ್ಲಿ ತಂತಿ, ಕಂಬ, ಮೀಟರ್, ಬಿಲ್ ಎಲ್ಲವೂ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. ಕರ್ನಾಟಕದಲ್ಲಿ ಇಂಥದ್ದು ಇದೊಂದೇ.

1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟುಹಾಕಿದಾಗ, ಅಮೆರಿಕದ ಹಳ್ಳಿಗಳಲ್ಲಿ ರೈತರೇ ಸಹಕಾರಿ ಕಟ್ಟಿಕೊಂಡು ವಿದ್ಯುತ್ ತಂದುಕೊಂಡ ಮಾದರಿಯನ್ನು ನಮ್ಮಲ್ಲೂ ಪರೀಕ್ಷಿಸಲು ಐದು ಕಡೆ ಇಂಥ ಸಂಘಗಳನ್ನು ಆರಿಸಿದರು. ತೆಲಂಗಾಣದ ಸಿರಿಸಿಲ್ಲ, ಗುಜರಾತಿನ ಕೊಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಮತ್ತು ನಮ್ಮ ಹುಕ್ಕೇರಿ. ಮುಳಾ-ಪ್ರವರಾದ ಕೈಯಿಂದ 2011ರಲ್ಲಿ ವಿತರಣೆ ಹೋಯಿತು. ಹುಕ್ಕೇರಿ ಉಳಿಯಿತು. ಊರವರು ಈ ಸಂಘದ ಮಾತು ತೆಗೆದರೆ ಮೊದಲು ಬರುವ ಹೆಸರು ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರದು. 2025ರ ಸೆಪ್ಟೆಂಬರ್‌ನಲ್ಲಿ ಸಂಘದ ಆಡಳಿತ ಮಂಡಳಿಗೆ ನಡೆದ ಚುನಾವಣೆ ವಿಧಾನಸಭೆ ಚುನಾವಣೆಯಷ್ಟೇ ಕಾವೇರಿತ್ತು. ಕರೆಂಟ್ ಕೊಡುವ ಸಂಸ್ಥೆಯ ನಿರ್ದೇಶಕರನ್ನು ಮತ ಹಾಕಿ ಆರಿಸುವ ಭಾಗ್ಯ ಬೆಂಗಳೂರಿನವರಿಗೂ ಇಲ್ಲ!

ಇದರಿಂದ ಸೋಲಾರ್ ಹಾಕಿಸುವವರಿಗೆ ಏನಾಗಬೇಕು? ಎರಡು ಸಂಗತಿ. ಒಂದು, ಅರ್ಜಿ ತುಂಬುವಾಗ ವಿತರಣಾ ಸಂಸ್ಥೆಯ ಹೆಸರು ತಪ್ಪಬಾರದು. ನಿಮ್ಮ ಬಿಲ್ಲಿನ ತಲೆಯ ಮೇಲೆ ಯಾರ ಹೆಸರಿದೆಯೋ ಅವರನ್ನೇ ಆರಿಸಬೇಕು. ತಾಲ್ಲೂಕಿನ ಗಡಿಯ ಊರುಗಳಲ್ಲಿ ಅಂದಾಜಿನ ಮೇಲೆ ಬರೆದು ಅರ್ಜಿ ತಿರುಗಿ ಬಂದರೆ ತಿಂಗಳು ಹೋಯಿತು. ಎರಡು, ಸಂಘದ ಸದಸ್ಯರಾದವರಿಗೆ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕಿದೆ.

ಏನು ಕೇಳಬೇಕು ಎಂಬುದಕ್ಕೂ ದಾರಿಯಿದೆ. ಸೂರ್ಯಘರ್ ಯೋಜನೆಯಲ್ಲಿ ಮನೆಯವರು ತಾವೇ ಏಜೆನ್ಸಿ ಹುಡುಕಿ ದುಡ್ಡು ಹಾಕುವ ಕ್ರಮ ಒಂದೇ ಅಲ್ಲ. ವಿತರಣಾ ಸಂಸ್ಥೆಯೇ ಹಲವು ಮನೆಗಳನ್ನು ಒಟ್ಟುಗೂಡಿಸಿ, ಅವರ ಪರವಾಗಿ ಪ್ಲೇಟ್ ಕೂಡಿಸಿ, ಕೆಲವು ವರ್ಷ ನೋಡಿಕೊಂಡು, ಆಮೇಲೆ ಮನೆಯವರಿಗೆ ಒಪ್ಪಿಸುವ ಮಾದರಿಗೂ ಕೇಂದ್ರದ ಮಾರ್ಗಸೂಚಿ ಇದೆ. ಒಮ್ಮೆಲೇ ಲಕ್ಷ ರೂಪಾಯಿ ಹೊಂದಿಸಲಾಗದ ಮನೆಗೆ ಇದು ಹೇಳಿ ಮಾಡಿಸಿದ್ದು. ಐವತ್ತಕ್ಕೂ ಹೆಚ್ಚು ವರ್ಷದಿಂದ ತಂತಿ ಎಳೆದು, ಬಿಲ್ ವಸೂಲಿ ಮಾಡಿ, ಪ್ರತಿ ಓಣಿಯ ಮನೆ ಬಲ್ಲ ಒಂದು ಸಹಕಾರಿ ಸಂಘಕ್ಕಿಂತ ಇದಕ್ಕೆ ತಕ್ಕ ಸಂಸ್ಥೆ ಇನ್ನಾವುದು?

ಗೋಕಾಕ, ಮೂಡಲಗಿಯವರು ಕೈಕಟ್ಟಿ ಕೂಡಬೇಕಿಲ್ಲ. ಊರ ಪಿಕೆಪಿಎಸ್, ಮಹಿಳಾ ಸಂಘ, ಹಾಲಿನ ಡೇರಿ, ಯಾವುದಾದರೂ ಒಂದು ಸಾಕು. ಒಂದೇ ಓಣಿಯ ಹದಿನೈದು ಇಪ್ಪತ್ತು ಮನೆಯವರು ಕೂಡಿ ಎರಡು ಮೂರು ಏಜೆನ್ಸಿಗಳಿಂದ ಕೊಟೇಶನ್ ತರಿಸಿದರೆ ದರ ಇಳಿಯುತ್ತದೆ, ಒಂದೇ ಸಲ ಸಾಮಾನು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಇನ್ವರ್ಟರ್ ಕೆಟ್ಟಾಗ ಒಬ್ಬರ ಫೋನ್ ಎತ್ತದವನು ಇಪ್ಪತ್ತು ಮನೆಯವರ ಫೋನ್ ಎತ್ತುತ್ತಾನೆ. ಪಂಚಾಯಿತಿಯನ್ನೂ ಎಳೆತನ್ನಿ. ತನ್ನ ವ್ಯಾಪ್ತಿಯಲ್ಲಿ ಕೂತ ಪ್ರತಿ ಚಾವಣಿ ಸೋಲಾರ್‌ಗೆ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನ ಇದೇ ಯೋಜನೆಯಲ್ಲಿದೆ, ಪಿಡಿಓ ಅವರಿಗೆ ನೆನಪಿಸಿ. ಐದು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ ಹಳ್ಳಿಗಳ ನಡುವೆ ಪೈಪೋಟಿ ಇಟ್ಟು ಜಿಲ್ಲೆಗೊಂದು ಮಾದರಿ ಸೌರಗ್ರಾಮ ಆರಿಸಿ ಒಂದು ಕೋಟಿ ರೂಪಾಯಿ ಕೊಡುವ ಭಾಗವೂ ಇದರಲ್ಲಿ ಇದೆ. ಗುಜರಾತಿನ ಮೊಢೇರಾ 2022ರ ಅಕ್ಟೋಬರ್‌ನಲ್ಲಿ ಹಗಲು ರಾತ್ರಿ ಸೌರವಿದ್ಯುತ್ತಿನಲ್ಲೇ ನಡೆಯುವ ದೇಶದ ಮೊದಲ ಹಳ್ಳಿ ಎನಿಸಿಕೊಂಡಿತು. ಸ್ವಂತ ಶಕ್ತಿಯ ವಿಷಯದಲ್ಲಿ ನಮ್ಮ ಭಾಗವೇನೂ ಹಿಂದಿನದಲ್ಲ. ಗೋಕಾಕ ಗಿರಣಿ 1887ರಷ್ಟು ಹಿಂದೆಯೇ ಘಟಪ್ರಭೆಯ ಜಲಪಾತದ ಬಲದಿಂದ ತನ್ನ ಯಂತ್ರ ತಿರುಗಿಸಿಕೊಂಡಿತ್ತು.

ಮುತ್ಯಾನ ಹೆಸರಿನ ಮೀಟರ್

ನಮ್ಮ ಹಳ್ಳಿಗಳಲ್ಲಿ ಸೋಲಾರ್ ಅರ್ಜಿಗೆ ಅಡ್ಡ ಬರುವುದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಮೀಟರಿನ ಮೇಲಿನ ಹೆಸರು. ಮುತ್ಯಾ ತೀರಿಕೊಂಡು ಎಷ್ಟೋ ವರ್ಷ ಕಳೆದರೂ ಬಿಲ್ ಅವರ ಹೆಸರಿಗೇ ಬರುತ್ತಿರುತ್ತದೆ. ಬಿಲ್ ಕಟ್ಟುವುದಕ್ಕೆ ಅದರಿಂದ ಯಾರಿಗೂ ತೊಂದರೆ ಆಗಿಲ್ಲ. ಆದರೆ ಸಬ್ಸಿಡಿ ಜಮೆಯಾಗುವುದು ಅರ್ಜಿದಾರರ ಬ್ಯಾಂಕ್ ಖಾತೆಗೆ. ಬಿಲ್, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು ಹೊಂದಬೇಕು. 'ಮಲ್ಲಪ್ಪ' ಒಂದರಲ್ಲಿ, 'ಮಲ್ಲಿಕಾರ್ಜುನ' ಇನ್ನೊಂದರಲ್ಲಿ ಇದ್ದರೂ ಓಡಾಟ ತಪ್ಪಿದ್ದಲ್ಲ. ಹೆಸರು ಬದಲಾವಣೆಗೆ ಮರಣ ಪ್ರಮಾಣಪತ್ರ, ಮನೆಯ ಉತಾರ, ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಅಣ್ಣತಮ್ಮಂದಿರ ನಡುವೆ ವಾಟ್ನಿ ಆಗಿ ಕಾಗದ ಆಗದಿದ್ದರೆ ಮೊದಲು ಅದನ್ನು ಬಗೆಹರಿಸಿಕೊಳ್ಳಿ. ಗಚ್ಚಿಯ ಮೇಲೆ ಪ್ಲೇಟ್ ಕೂತ ಮೇಲೆ ಗಚ್ಚಿ ಯಾರದು ಎಂಬ ಪ್ರಶ್ನೆ ಏಳುವುದು ಬೇಡ.

ತೋಟದ ಮನೆಗಳದು ಇನ್ನೊಂದು ಸಮಸ್ಯೆ. ಮೂಡಲಗಿ, ಗೋಕಾಕ ಭಾಗದಲ್ಲಿ ಎಷ್ಟೋ ಸಂಸಾರಗಳು ಊರು ಬಿಟ್ಟು ಕಬ್ಬಿನ ನಡುವೆಯೇ ಇವೆ. ಅಲ್ಲಿ ಗೃಹಬಳಕೆಯ ಮೀಟರ್ ಇದ್ದರೆ ಮಾತ್ರ ಈ ಯೋಜನೆ. ಪಂಪ್‌ಸೆಟ್ ಲೈನಿನಿಂದ ಬಲ್ಬ್ ಹಚ್ಚಿಕೊಂಡವರಿಗೆ ಇಲ್ಲ. ಹಿಟ್ಟಿನ ಗಿರಣಿ, ಅಂಗಡಿ ಮೀಟರುಗಳಿಗೂ ಸಬ್ಸಿಡಿ ಇಲ್ಲ. ಪಂಪ್‌ಸೆಟ್ಟಿಗೆ ಬೇರೆಯೇ ಆದ ಕುಸುಮ್-ಬಿ ಇದೆ. ಅದರಲ್ಲಿ ಕೇಂದ್ರದ ಶೇ 30, ರಾಜ್ಯದ ಶೇ 50, ರೈತರ ಪಾಲು ಉಳಿದ ಶೇ 20. ಎರಡನ್ನೂ ಬೆರೆಸಿಕೊಳ್ಳಬೇಡಿ.

ಅರ್ಜಿ ಹಾಕುವುದು ಪಿಎಂ ಸೂರ್ಯಘರ್‌ನ ರಾಷ್ಟ್ರೀಯ ಪೋರ್ಟಲ್‌ನಲ್ಲಿ. ಅದೇ ಬಗೆಯ ಹೆಸರಿಟ್ಟುಕೊಂಡ ನಕಲಿ ತಾಣಗಳ ಬಗ್ಗೆ ಎಚ್ಚರ, ಸರ್ಕಾರಿ ವಿಳಾಸದ ಕೊನೆಗೆ ಜಿಒವಿ ಡಾಟ್ ಇನ್ ಇರಲೇಬೇಕು. ನೋಂದಣಿಗೆ ಶುಲ್ಕ ಕೇಳಿದವನು ಮೋಸಗಾರ. ಸಂದೇಹ ಬಂದರೆ 15555ಕ್ಕೆ ಕರೆ ಮಾಡಿ. ಬಿಲ್ಲಿನಲ್ಲಿರುವ ಗ್ರಾಹಕ ಖಾತೆ ಸಂಖ್ಯೆ ಕೇಳುತ್ತಾರೆ. ಆರ್‌ಆರ್ ನಂಬರ್ ಬೇರೆ, ಖಾತೆ ಸಂಖ್ಯೆ ಬೇರೆ, ಬಿಲ್ ಎದುರಿಗಿಟ್ಟುಕೊಂಡೇ ತುಂಬಿ. 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಎಂದು ಕಾಯಿಸುವಂತಿಲ್ಲ ಎಂದು 2024ರಲ್ಲಿ ಕೇಂದ್ರ ನಿಯಮ ತಿದ್ದಿದೆ. ಆದರೆ ನಿಮ್ಮ ಮಂಜೂರಾದ ಲೋಡ್ 1 ಕಿಲೋವ್ಯಾಟ್ ಇದ್ದು 3 ಕಿಲೋವ್ಯಾಟ್ ಪ್ಲೇಟ್ ಹಾಕಲು ಹೊರಟರೆ ಲೋಡ್ ಏರಿಸಿಕೊಳ್ಳಬೇಕಾದೀತು. ಆಗ ನಿಗದಿತ ಶುಲ್ಕ ಮೇಲೆ ಹೇಳಿದ 2025ರ ದರದಲ್ಲೇ ತಿಂಗಳಿಗೆ 290 ಏರುತ್ತದೆ. ಇದನ್ನು ಯಾವ ಏಜೆನ್ಸಿಯವರೂ ತಾವಾಗಿ ಹೇಳುವುದಿಲ್ಲ.

ಏಜೆನ್ಸಿಯನ್ನು ಪೋರ್ಟಲ್‌ನ ಪಟ್ಟಿಯಿಂದಲೇ ಆರಿಸಬೇಕು. ಸಬ್ಸಿಡಿ ಬೇಕೆಂದರೆ ಪ್ಲೇಟೂ ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು. ಇದನ್ನು ಡಿಸಿಆರ್ ಎನ್ನುತ್ತಾರೆ. ಅಗ್ಗದ ಕೊಟೇಶನ್ ಬಂದರೆ ಮೊದಲು ಸಂಶಯ ಪಡಬೇಕಾದ್ದು ಇಲ್ಲೇ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಕೊಟೇಶನ್ನಿನಲ್ಲಿ ಹಳೆಯ ದರವೇ ಇದ್ದರೆ ತಿದ್ದಿಸಿ. ದುಡ್ಡನ್ನು ಕಂತಿನಲ್ಲಿ ಕೊಡಿ, ಕೊನೆಯ ಕಂತು ನೆಟ್ ಮೀಟರ್ ತಿರುಗಿದ ಮೇಲೆ. ಐದು ವರ್ಷದ ನಿರ್ವಹಣೆ ಏಜೆನ್ಸಿಯ ಹೊಣೆ, ಕರಾರಿನಲ್ಲಿ ಅದು ಇದೆಯೇ ನೋಡಿ. ಮೀಟರ್ ಕೂತು, ಕಚೇರಿಯವರು ತಪಾಸಣೆ ಮಾಡಿ ವರದಿ ಏರಿಸಿದ ಮೇಲೆ ಬ್ಯಾಂಕ್ ವಿವರ ಕೊಟ್ಟರೆ ಸಬ್ಸಿಡಿ 30 ದಿನದೊಳಗೆ ಬರಬೇಕು.

ಸಾಲ ಬೇಕಿದ್ದರೆ 3 ಕಿಲೋವ್ಯಾಟ್‌ವರೆಗೆ ಸರ್ಕಾರಿ ಬ್ಯಾಂಕುಗಳು ಜಾಮೀನಿಲ್ಲದೆ 2 ಲಕ್ಷದವರೆಗೆ ಕೊಡುತ್ತವೆ, ಬಡ್ಡಿ ವರ್ಷಕ್ಕೆ ಶೇ 6ರ ಆಸುಪಾಸು. ತಿಂಗಳಿಗೆ ನೂರಕ್ಕೆ ಮೂರರ ಕೈಸಾಲ ತಂದು ಸೋಲಾರ್ ಹಾಕಬೇಡಿ.

ಗಚ್ಚಿಯ ಮೇಲೆ

ಈಗ ಮೇಲೆ ಹತ್ತೋಣ. ಒಂದು ಕಿಲೋವ್ಯಾಟ್‌ಗೆ ನೆರಳಿಲ್ಲದ ನೂರು ಚದರ ಅಡಿ ಬೇಕು. ಆರ್‌ಸಿಸಿ ಸ್ಲ್ಯಾಬ್ ಉತ್ತಮ. ಪತ್ರಾಸ್ ಆದರೆ ಅಡಿಯ ಕಬ್ಬಿಣದ ಚೌಕಟ್ಟು ಭಾರ ತಡೆಯಬೇಕು. ಮಣ್ಣಿನ ಮಾಳಿಗೆ, ಹಳೆಯ ಜಂತಿ ಮನೆಗೆ ಬೇಡವೇ ಬೇಡ. ಅಂಗಳದಲ್ಲಿ ಗಟ್ಟಿ ಕಂಬ ನಿಲ್ಲಿಸಿ ಮಾಡಬಹುದೇ ಎಂದು ವಿಚಾರಿಸಿ. ಪ್ಲೇಟು ದಕ್ಷಿಣಕ್ಕೆ ಮುಖ ಮಾಡಿ, ಹದಿನೈದು ಹದಿನಾರು ಡಿಗ್ರಿ ಓರೆಯಾಗಿರಬೇಕು. ನಾವು ಇರುವ ಅಕ್ಷಾಂಶವೇ ಸುಮಾರು 16. ಪಕ್ಕದ ಮನೆಯವರು ಮುಂದೆ ಇನ್ನೊಂದು ಅಂತಸ್ತು ಏರಿಸಲಿದ್ದಾರೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಒಂದು ಪ್ಲೇಟಿನ ಮೂಲೆಗೆ ಬಿದ್ದ ನೆರಳು ಸಾಲಿನ ಉಳಿದ ಪ್ಲೇಟುಗಳನ್ನೂ ಎಳೆದು ಕೆಳಗೆ ತರುತ್ತದೆ.

ಈ ಮಾತುಕತೆಯಲ್ಲಿ ಮನೆಯ ಹೆಣ್ಣುಮಕ್ಕಳು ಇರಲೇಬೇಕು. ಬೇಸಿಗೆಯಲ್ಲಿ ಗಚ್ಚಿಯ ಮೇಲೆ ಸಂಡಿಗೆ, ಹಪ್ಪಳ, ಶಾವಿಗೆ, ಕೆಂಪು ಮೆಣಸಿನಕಾಯಿ ಒಣಗಬೇಕಲ್ಲ? ಪ್ಲೇಟನ್ನು ಮೊಣಕಾಲೆತ್ತರಕ್ಕೆ ಕೂಡಿಸಿದರೆ ಗಚ್ಚಿ ಹೋಯಿತೆಂದೇ ಲೆಕ್ಕ. ಏಳೆಂಟು ಅಡಿ ಎತ್ತರದ ಚೌಕಟ್ಟಿಗೆ ಖರ್ಚು ಹೆಚ್ಚು, ಆದರೆ ಅಡಿಯ ಜಾಗ ಉಳಿಯುತ್ತದೆ, ಮನೆಯೂ ತಂಪು. ಎತ್ತರ ಮಾಡಿದಷ್ಟೂ ಗಾಳಿಯ ಹೊಡೆತ ಹೆಚ್ಚು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಗಾಳಿ ಪತ್ರಾಸನ್ನೇ ಎತ್ತಿಕೊಂಡು ಹೋಗುವುದನ್ನು ನೋಡಿದ್ದೇವೆ. ಕಲಾಯಿ ಮಾಡಿದ ಕಬ್ಬಿಣ, ಸಿಮೆಂಟಿನ ಗಟ್ಟಿ ಕಟ್ಟೆ, ಸಿಡಿಲು ತಡೆಯುವ ಸರಳು, ಪ್ರತ್ಯೇಕ ಅರ್ಥಿಂಗ್ ಗುಂಡಿಗಳು, ಇವುಗಳಲ್ಲಿ ಚೌಕಾಸಿ ಬೇಡ. ಸ್ಲ್ಯಾಬಿಗೆ ರಂಧ್ರ ಹೊಡೆಯಲು ಬಿಟ್ಟರೆ ಮಳೆಗಾಲದಲ್ಲಿ ಸೋರಿಕೆ ಖಂಡಿತ.

ಮೂರು ತಾಲ್ಲೂಕಿನ ಬಿಸಿಲೂ ಒಂದೇ ಅಲ್ಲ. ಹುಕ್ಕೇರಿಯ ಪಶ್ಚಿಮದ ಊರುಗಳಿಗೆ ಸಹ್ಯಾದ್ರಿಯ ಮೋಡ ಹತ್ತಿರ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಉತ್ಪಾದನೆ ಅರ್ಧಕ್ಕೆ ಇಳಿದರೆ ಗಾಬರಿ ಬೇಡ. ಪೂರ್ವಕ್ಕೆ ಗೋಕಾಕ, ಮೂಡಲಗಿಗೆ ಬಂದಷ್ಟೂ ಮಳೆ ಕಡಿಮೆ, ಬಿಸಿಲು ಹೆಚ್ಚು. ಹಾಗೆಂದು ಮೇ ತಿಂಗಳ ಉರಿಯಲ್ಲಿ ದಾಖಲೆ ಉತ್ಪಾದನೆ ನಿರೀಕ್ಷಿಸಬೇಡಿ. ಪ್ಲೇಟಿಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿ ಕಾದಂತೆ ಅದರ ಶಕ್ತಿ ಶೇ 0.35ರಷ್ಟು ತಗ್ಗುತ್ತದೆ, ಮಧ್ಯಾಹ್ನ ಪ್ಲೇಟಿನ ಮೈ 65 ಮುಟ್ಟಿದರೆ ನೂರಕ್ಕೆ ಹದಿನಾಲ್ಕು ಹೋಯಿತು. ಫೆಬ್ರುವರಿ, ಮಾರ್ಚ್ ಒಳ್ಳೆಯ ತಿಂಗಳುಗಳು.

ಆದರೆ ಆ ತಿಂಗಳಲ್ಲೇ ನಮಗೆ ಬೇರೊಂದು ಕಾಟ. ಸಕ್ಕರೆ ಕಾರ್ಖಾನೆಗಳು ನುರಿಸುವ ಕಾಲ ಅದು. ಚಿಮಣಿಯ ಕರಿಬೂದಿ, ಹೊಲದಲ್ಲಿ ರವದಿ ಸುಟ್ಟ ಮಸಿ, ಕಬ್ಬಿನ ಟ್ರ್ಯಾಕ್ಟರ್ ಎಬ್ಬಿಸಿದ ಧೂಳು ಎಲ್ಲವೂ ಬಂದು ಕೂಡುವುದು ಗಾಜಿನ ಮೇಲೆ. ನಗರದವರಿಗೆ ಹೇಳುವ 'ತಿಂಗಳಿಗೊಮ್ಮೆ ತೊಳೆಯಿರಿ' ಎಂಬ ಸಲಹೆ ನಮಗೆ ಸಾಲದು. ನವೆಂಬರ್‌ನಿಂದ ಮಾರ್ಚ್‌ವರೆಗೆ ವಾರಕ್ಕೊಮ್ಮೆಯಾದರೂ ಒರೆಸಬೇಕು. ಬೆಳಿಗ್ಗೆ ಬಿಸಿಲೇರುವ ಮೊದಲು, ಮೆತ್ತನೆಯ ಬಟ್ಟೆಯಿಂದ. ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ಬೋರಿನ ಸವಳು ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿ ಪದರ ಕಟ್ಟುತ್ತದೆ, ಅದನ್ನು ಕೀಳುವುದು ಬೂದಿಗಿಂತ ಕಷ್ಟ. ನಲ್ಲಿಯ ಸಿಹಿನೀರು ಅಥವಾ ಸಂಗ್ರಹಿಸಿದ ಮಳೆನೀರು ವಾಸಿ. ಗಚ್ಚಿಯ ಅಂಚಿಗೆ ಕಠಡಾ ಇಲ್ಲದಿದ್ದರೆ ವಯಸ್ಸಾದವರನ್ನು ಈ ಕೆಲಸಕ್ಕೆ ಹತ್ತಿಸಬೇಡಿ.

ಕೊನೆಗೆ, ಹೆಚ್ಚಿನವರು ದುಡ್ಡು ಕಟ್ಟಿದ ಮೇಲೆ ಕೇಳುವ ಪ್ರಶ್ನೆ: ಲೈಟ್ ಹೋದಾಗ ನಮ್ಮ ಮನೆಯಲ್ಲಿ ಇರುತ್ತದಲ್ಲ? ಇರುವುದಿಲ್ಲ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವ ಆನ್-ಗ್ರಿಡ್ ವ್ಯವಸ್ಥೆ ಲೈನಿನಲ್ಲಿ ಕರೆಂಟ್ ನಿಂತ ಕೂಡಲೇ ತಾನೂ ನಿಲ್ಲುತ್ತದೆ, ಸುಡುಬಿಸಿಲಿದ್ದರೂ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಕರೆಂಟ್ ಹೋದಾಗಲೂ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಬೇಕು. ಬ್ಯಾಟರಿಗೆ ಸಬ್ಸಿಡಿ ಇಲ್ಲ, ಮೇಲಿನ ನಾಲ್ಕು ವರ್ಷದ ಲೆಕ್ಕವೂ ಆಗ ಉದ್ದವಾಗುತ್ತದೆ. ಮನೆಯಲ್ಲಿ ಹಳೆಯ ಯುಪಿಎಸ್ ಇದ್ದರೆ ಅದನ್ನೇ ಇಟ್ಟುಕೊಳ್ಳುವುದು ಜಾಣತನ.

ಸೂರ್ಯಘರ್ ಯೋಜನೆಯ ಅವಧಿ 2026–27ರ ಹಣಕಾಸು ವರ್ಷದವರೆಗೆ. ಕಬ್ಬಿನ ಬಿಲ್ ಕೈಗೆ ಬಂದ ಮೇಲೆ ನೋಡಿದರಾಯಿತು ಎಂದುಕೊಂಡಿರುವವರು ದುಡ್ಡಿಗೆ ಬೇಕಾದರೆ ಕಾಯಲಿ. ಮೀಟರಿನ ಹೆಸರು ಬದಲಾವಣೆಯ ಅರ್ಜಿಯನ್ನು ಮಾತ್ರ ಈ ವಾರವೇ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬನ್ನಿ.